ಸಹಾಯ ಬೇಕು: 4294967297ರ ಅಪವರ್ತನಗಳನ್ನು 128ರಿಂದ ಭಾಗಿಸಿದಾಗ ಶೇಷ 1 ಬರುವುದೇಕೆ?

ಗಣಿತಾಸಕ್ತರಿಗೆ ನಮಸ್ಕಾರ. 2ರ 32ನೇ ಘಾತಕ್ಕೆ 1 ಕೂಡಿಸಿದಾಗ ಬರುವ 4294967297 ಅವಿಭಾಜ್ಯವೆಂದು ಫರ್ಮಾ ನಂಬಿದ್ದರು; ಅದು 641 ಮತ್ತು 6700417ರ ಗುಣಲಬ್ಧವೆಂದು ಆಯ್ಲರ್ 1732ರಲ್ಲಿ ತೋರಿಸಿದರು. ಇದರ ಪ್ರತಿಯೊಂದು ಅವಿಭಾಜ್ಯ ಅಪವರ್ತನವನ್ನೂ 64ರಿಂದ ಭಾಗಿಸಿದಾಗ ಶೇಷ 1 ಏಕೆ ಉಳಿಯುತ್ತದೆಂಬುದು ನನಗೆ ಅರ್ಥವಾಗಿದೆ. ಆದರೆ 64ರ ಜಾಗದಲ್ಲಿ 128 ಎಂದೇ ಹೇಳಬಹುದೆಂಬ ಲ್ಯೂಕಾಸ್ ಅವರ ಫಲಿತಾಂಶದ ಸಾಧನೆಯಲ್ಲಿ, ಯಾವುದೋ ಒಂದು ಸಂಖ್ಯೆಯ ವರ್ಗವನ್ನು ಆ ಅಪವರ್ತನದಿಂದ ಭಾಗಿಸಿದರೆ ಶೇಷ 2 ಬರುತ್ತದೆ ಎಂಬ ಹಂತದಲ್ಲೇ ನಿಂತುಬಿಟ್ಟಿದ್ದೇನೆ.

ಈ ಫಲಿತಾಂಶದ ಪ್ರಯೋಜನ ಸಣ್ಣದಲ್ಲ: 6700417ರ ವರ್ಗಮೂಲ 2589ಕ್ಕಿಂತ ಕಡಿಮೆಯಿರುವುದರಿಂದ, 257, 641, 769, 1153, 1409 ಎಂಬ ಐದೇ ಸಂಖ್ಯೆಗಳಿಂದ ಭಾಗಿಸಿ ನೋಡಿ ಅದು ಅವಿಭಾಜ್ಯವೆಂದು ಖಚಿತಪಡಿಸಿಕೊಳ್ಳಬಹುದು (ಈ ಭಾಗಾಕಾರಗಳನ್ನು ಕೈಯಲ್ಲೇ ಮಾಡಿ ನೋಡಿದ್ದೇನೆ). ವರ್ಗವನ್ನು ಅಪವರ್ತನದಿಂದ ಭಾಗಿಸಿದಾಗ ಶೇಷ 2 ಬರುವ ಆ ಸಂಖ್ಯೆಯನ್ನು 2ರ ಘಾತಗಳಿಂದಲೇ ನೇರವಾಗಿ ಕಟ್ಟಿಕೊಡುವ ವಿಧಾನವನ್ನು ಬಲ್ಲವರು ದಯವಿಟ್ಟು ಹಂತಹಂತವಾಗಿ ವಿವರಿಸಬೇಕೆಂದು ವಿನಂತಿಸುತ್ತೇನೆ.