ಪದಚರ್ಚೆ: ವೋಲ್ಟೇಜ್ 'ಮಿತಿ'ಯೋ 'ಮಟ್ಟ'ವೋ? ಪಂಪ್‌ಹೌಸ್ ಗೋಡೆಗೆ ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಪೊನ್ನಂಪೇಟೆ ಕಡೆಯ ಒಂದು ಕಾಫಿ ತೋಟ. ಲೈನ್ ಮನೆಗಳಿಗೂ (ಕೆಲಸದವರ ಸಾಲುಮನೆ) ನರ್ಸರಿಗೂ ನೀರೆತ್ತುವ ಸಿಂಗಲ್ ಫೇಸ್ ಪಂಪಿಗೆ ಹೊಸ ಪ್ಯಾನೆಲ್ ಕೂರಿಸಿದ್ದೇವೆ. ವೋಲ್ಟೇಜ್ ಏರುಪೇರಾದರೆ ಅದು ತಾನಾಗಿ ಮೋಟಾರ್ ನಿಲ್ಲಿಸುತ್ತದೆ. ಪಕ್ಕದ ಗೋಡೆಗೆ ಕನ್ನಡದಲ್ಲಿ ಒಂದು ಸೂಚನೆಯ ಹಾಳೆ ಅಂಟಿಸಬೇಕು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಸುತ್ತಲಿನ ತೋಟಗಳ ಸ್ಪ್ರಿಂಕ್ಲರ್ ಮೋಟಾರುಗಳೆಲ್ಲ ಒಟ್ಟಿಗೇ ಓಡಿ ವೋಲ್ಟೇಜ್ ಬೀಳುತ್ತದೆ. ಆಗ ಪ್ಯಾನೆಲ್ ನೋಡಿಕೊಳ್ಳುವವರು ತೋಟದ ಕೆಲಸದವರು. ಒಬ್ಬರ ಮನೆಮಾತು ಕೊಡವ ತಕ್ಕ್, ಒಬ್ಬರದ್ದು ಅರೆಭಾಷೆ, ಇನ್ನೊಬ್ಬರದ್ದು ಮಲಯಾಳಂ. ಎಲ್ಲರೂ ಓದುವುದು ಕನ್ನಡವನ್ನೇ. ನಿಘಂಟಿನಿಂದ ಇಳಿಸಿದ ಭಾರದ ಪದ ಇಲ್ಲಿ ನಡೆಯಲ್ಲ.

ಮೊದಲ ತೊಡಕು 'ಕರೆಂಟ್'. "ಕರೆಂಟ್ ಡಲ್ ಇದೆ", "ಕರೆಂಟ್ ಕಮ್ಮಿ ಬರ್ತಿದೆ" ಅಂತಲೇ ನಮ್ಮ ಮಾತು. ಮಾತಿಗೆ ಅದು ಸಾಕು, ಹಾಳೆಗೆ ಸಾಲದು: ಇಳಿಯುವುದು ವೋಲ್ಟೇಜ್, ಅಂದರೆ ಕರೆಂಟನ್ನು ತಳ್ಳುವ ಒತ್ತಡ. ವೋಲ್ಟೇಜ್ ಇಳಿದಾಗ ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. ಶೇ 80 ವೋಲ್ಟೇಜ್ ಇದ್ದರೆ ಬಲ ಶೇ 64 ಮಾತ್ರ. ಮೇಲೆ ನೀರಿನ ಹೊರೆ ಹಾಗೇ ಇರುತ್ತದೆ. ಮೋಟಾರ್ ಏದುಸಿರು ಬಿಡುತ್ತಾ ಜಾಸ್ತಿ ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಸುಡುವುದು ಆ ಜಾಸ್ತಿ ಕರೆಂಟಿಗೆ. 'ಕರೆಂಟ್ ಕಮ್ಮಿಯಾದರೆ ಮೋಟಾರ್ ಸುಡುತ್ತದೆ' ಅಂತ ಬರೆದರೆ ಪೂರಾ ಉಲ್ಟಾ ಅಲ್ವಾ? ಹಾಗಾಗಿ ಎಲ್ಲ ಕಡೆ 'ವೋಲ್ಟೇಜ್' ಅಂತಲೇ ಇಟ್ಟಿದ್ದೇನೆ.

'ಲೋ ವೋಲ್ಟೇಜ್', 'ಹೈ ವೋಲ್ಟೇಜ್' ಕೂಡ ನೆಟ್ಟಗಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ (ಈಗ ಅವು ಜಾರಿಯಲ್ಲಿಲ್ಲ) ವಿಂಗಡಣೆಯಲ್ಲಿ 250 ವೋಲ್ಟ್ ತನಕದ್ದೆಲ್ಲ 'ಲೋ' ಆಗಿತ್ತು. ಅಂದರೆ ಮನೆಗೆ ಬರುವ ಸರಿಯಾದ 230 ಕೂಡ ಲೋ! ತೋಟದಲ್ಲಿ ಲೋ ಅಂದರೆ 170ಕ್ಕೆ ಬಿದ್ದು ಟ್ಯೂಬ್‌ಲೈಟ್ ಮಿಟುಕುವುದು. ಹೈ ಅಂದರೆ ಟ್ರಾನ್ಸ್‌ಫಾರ್ಮರಿಗೆ ಬರುವ 11 ಸಾವಿರ ವೋಲ್ಟಿನ ಲೈನ್. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ತುಂಡಾದರೆ 230 ಇರಬೇಕಾದಲ್ಲಿ 300 ದಾಟಿ ಬರಬಹುದು. ಅದನ್ನೂ ಹೈ ಅಂದರೆ ಎರಡೂ ಕಲಸಿಹೋಗುತ್ತವೆ. ನಾನು ಬರೆದಿರುವುದು 'ಕಮ್ಮಿ ವೋಲ್ಟೇಜ್', 'ಜಾಸ್ತಿ ವೋಲ್ಟೇಜ್'. 'ನ್ಯೂನ ವೋಲ್ಟತೆ', 'ಅಧಿಕ ವೋಲ್ಟತೆ' ನನಗೆ ಬೇಡ. ಮೂಗು ಮುರಿಯುವವರು ಮುರಿಯಲಿ.

ಈಗ ನಿಜವಾದ ಕಗ್ಗಂಟು. ಪ್ಯಾನೆಲಿನಲ್ಲಿ ಸೆಟ್ ಮಾಡಿರುವುದು ನಾಲ್ಕು ಅಂಕೆ. 180ಕ್ಕೆ ಇಳಿದರೆ ಮೋಟಾರ್ ಕಟ್, 195ಕ್ಕೆ ಏರಿದ ಮೇಲೆ ಮತ್ತೆ ಆನ್. 265ಕ್ಕೆ ಏರಿದರೆ ಕಟ್, 255ಕ್ಕೆ ಇಳಿದ ಮೇಲೆ ಆನ್. ಕರಡಿನಲ್ಲಿ 'ಕೆಳಮಿತಿ', 'ಮೇಲ್ಮಿತಿ' ಅಂತಿತ್ತು. ಎರಡು ಪದ, ನಾಲ್ಕು ಅಂಕೆ. 195 ಯಾವುದು? ಕೆಳಮಿತಿಯ ಮೇಲಂಚೇ? 255 ಮೇಲ್ಮಿತಿಯ ಕೆಳಮಿತಿಯೇ? ಓದುವವರಿಗೆ ತಲೆ ಸುತ್ತುತ್ತದೆ. ಸಾಲದ್ದಕ್ಕೆ ಅದೇ 1956ರ ನಿಯಮಗಳಲ್ಲಿ ಸರಬರಾಜು ವೋಲ್ಟೇಜ್ ಶೇ 6ರಷ್ಟು ಹೆಚ್ಚುಕಮ್ಮಿ ಆಗಬಹುದು ಎಂಬ ಮಾತಿತ್ತು, ಅಂದರೆ ಸುಮಾರು 216ರಿಂದ 244. ಅಂಥದ್ದು ನಿಜವಾದ 'ಮಿತಿ', ವಿದ್ಯುತ್ ಕೊಡುವವರು ಮೀರಬಾರದ್ದು. ನಮ್ಮ 180 ನಾವೇ ತಿರುಗಿಸಿ ಇಟ್ಟದ್ದು.

'ಹೊಸ್ತಿಲು' ಅಂತಲೂ ಬರೆಯುತ್ತಾರೆ. ಚೆಂದದ ಪದವೇ. ಆದರೆ ಹೊಸ್ತಿಲಿನಲ್ಲಿ ಒಳಗೆ ಹೋಗುವುದೂ ಹೊರಗೆ ಬರುವುದೂ ಒಂದೇ ಜಾಗದಲ್ಲಿ. ಇಲ್ಲಿ ಹೊರಬೀಳುವ ಜಾಗ ಬೇರೆ, ಒಳಬರುವ ಜಾಗ ಬೇರೆ.

ಆ ಅಂತರ ಸುಮ್ನೆ ಇಟ್ಟದ್ದಲ್ಲ. ನಮ್ಮದು ಲೈನಿನ ತುದಿ. ಮೋಟಾರ್ ನಿಂತ ಕೂಡಲೇ ಹೊರೆ ಇಳಿದು ವೋಲ್ಟೇಜ್ 185, 190ಕ್ಕೆ ಏರುತ್ತದೆ. ಆನ್ ಆಗುವುದೂ 180ಕ್ಕೇ ಇದ್ದರೆ ಮೋಟಾರ್ ಓಡುತ್ತದೆ, ವೋಲ್ಟೇಜ್ ಬೀಳುತ್ತದೆ, ಮತ್ತೆ ಕಟ್. ಮೋಟಾರನ್ನು ಆನ್, ಆಫ್ ಮಾಡುವ ಸ್ವಿಚ್ಚಾದ ರಿಲೇ ಟಕಟಕ ಅಂತ ಬಡಿದುಕೊಂಡು ಅದರ ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ.

ಅದೇ ಪದಗಳು ಹಾಳೆಯ ಹಿಂಬದಿಯಲ್ಲಿ ರಿಪೇರಿಯವರಿಗೂ ಬೇಕು. ಪಂಪ್‌ಹೌಸಿನ ದೀಪಕ್ಕೆ 12 ವೋಲ್ಟ್ ಬ್ಯಾಟರಿ ಇದೆ. ಅದರ ಸರ್ಕ್ಯೂಟಿನಲ್ಲಿ ಮೇಲೆ 33 ಕಿಲೋ ಓಮ್, ಕೆಳಗೆ 10 ಕಿಲೋ ಓಮ್ ರೆಸಿಸ್ಟರ್. ನಡುವಿನ ವೋಲ್ಟೇಜನ್ನು ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಬಿಡಿಭಾಗ) ಬದಲಾಗದ 2.5 ವೋಲ್ಟ್ ರೆಫರೆನ್ಸ್ ಜೊತೆ ಹೋಲಿಸುತ್ತದೆ. ಒಟ್ಟು 43ನ್ನು ಕೆಳಗಿನ 10ರಿಂದ ಭಾಗಿಸಿದರೆ 4.3, 2.5ನ್ನು ಅದರಿಂದ ಗುಣಿಸಿದರೆ 10.75. ಬ್ಯಾಟರಿ ಅಲ್ಲಿಗಿಳಿದರೆ ದೀಪ ಕಟ್. ದೀಪ ಆರಿದ ಕೂಡಲೇ ಬ್ಯಾಟರಿ ಮತ್ತೆ 11ರ ಮೇಲೆ ಹೋಗುತ್ತದೆ, ಅಲ್ಲೂ ಅದೇ ಟಕಟಕ. ತಪ್ಪಿಸಲು ಕಂಪ್ಯಾರೇಟರಿನ ಔಟ್‌ಪುಟ್‌ನಿಂದ ಪ್ಲಸ್ ಇನ್‌ಪುಟ್‌ಗೆ ಒಂದು ದೊಡ್ಡ ರೆಸಿಸ್ಟರ್ ಹಾಕಿ ಅಂತರ ತರುತ್ತಾರೆ. ಕಟ್ ಮತ್ತು ಆನ್ ನಡುವಿನ ಈ ಅಂತರಕ್ಕೆ 'ಹಿಸ್ಟೆರಿಸಿಸ್' ಅಂದರೆ ಇಲ್ಲಿ ಯಾರ ನಾಲಗೆಯೂ ಹೊರಳುವುದಿಲ್ಲ. 'ತೆರಪು' ನನಗಿಷ್ಟ, ಆದರೆ ಈಗ ಬಳಸುವವರು ಕಮ್ಮಿ.

ಕಟ್ ಆಗುವ ಮೊದಲು ಕಾಯುವ ಸಮಯಕ್ಕೆ ಪದದ ತೊಂದರೆಯಿಲ್ಲ. ಸ್ಟಾರ್ಟ್ ಆಗುವಾಗ ಮೋಟಾರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ ವೋಲ್ಟೇಜ್ ಒಂದು ಕ್ಷಣ ಕುಗ್ಗುತ್ತದೆ. ಕಮ್ಮಿ ಕಡೆ ಕೆಲವು ಸೆಕೆಂಡ್ ತಾಳಬೇಕು, ಜಾಸ್ತಿ ಕಡೆ ತಡಮಾಡಬಾರದು. 'ಟೈಮರ್' ಅಂದರೆ ಎಲ್ಲರಿಗೂ ಗೊತ್ತು. 'ಟ್ರಿಪ್' (ತಾನಾಗಿ ಕಟ್ ಆಗುವುದು) ಕೂಡ ಗೊತ್ತು, ಕೊಡಗಿನಲ್ಲಿ ಆ ಪದ ಕೇಳಿದರೆ ಜನ ಮೊದಲು ಜೀಪು ಹುಡುಕುತ್ತಾರೆ ಅನ್ನುವುದು ಬೇರೆ ಮಾತು.

ಸದ್ಯಕ್ಕೆ ನನ್ನ ಆಯ್ಕೆ 'ಕಟ್ ಆಗುವ ಮಟ್ಟ', 'ಮತ್ತೆ ಆನ್ ಆಗುವ ಮಟ್ಟ'. ಎರಡೂ ಕಡೆಗೆ ಇವೇ ಹೊಂದುತ್ತವೆ, ಮೇಲು ಕೆಳಗಿನ ಗೊಂದಲ ಇಲ್ಲ. ಒಂದೇ ಅಡ್ಡಿ: ಇದೇ ಪ್ಯಾನೆಲಿನಲ್ಲಿ ಟ್ಯಾಂಕಿನ ನೀರು ತೋರಿಸುವ ದೀಪವೂ ಇದೆ, ಅದರ ಕೆಳಗೆ ಆಗಲೇ 'ನೀರಿನ ಮಟ್ಟ' ಅಂತ ಬರೆದಾಗಿದೆ. ಒಂದೇ ಗೋಡೆಯಲ್ಲಿ ಎರಡು 'ಮಟ್ಟ' ಇದ್ದರೆ ಕಷ್ಟವೇ? ನಿಮ್ಮ ಊರಿನ ಪಂಪ್‌ಸೆಟ್ ಮೆಕ್ಯಾನಿಕ್‌ಗಳು ಈ 195ಕ್ಕೆ ಏನನ್ನುತ್ತಾರೆ? ಹಾಳೆಯನ್ನು ಲ್ಯಾಮಿನೇಷನ್‌ಗೆ ಕೊಡುವ ಮೊದಲು ತಿಳಿಸಿದರೆ ಉಪಕಾರ.