ಇಡೀ ಊರಿಗೆ ಒಂದೇ ಅಂಕ ಸಾಕಾ? ನಮ್ಮ ಸಿವಿಲ್ ಬ್ಯಾಚ್ ಗುಂಪಿನ ಚರ್ಚೆ

ಮಂಜುನಾಥ: ನಮ್ಮ ತಂಡದ ಕರಡು ಪಿಡಿಎಫ್ ಹಾಕಿದ್ದೇನೆ. ಗುಡ್ಡದ ನಗರಗಳು ಜೋರು ಮಳೆಯನ್ನು ಎಷ್ಟು ತಾಳುತ್ತವೆ ಅಂತ ಅಳೆಯುವ ವಿಧಾನ. ಇಳಿಜಾರು, ಚರಂಡಿಯ ಉದ್ದ, ಹಸಿರು ಜಾಗ, ಆಸ್ಪತ್ರೆ, ಎಲ್ಲ ಕೂಡಿಸಿ ಊರಿಗೊಂದು ಅಂಕ. ನೋಡಿ ಹೇಳಿ.

ಪ್ರಕಾಶ: ಗುಡ್ಡದಲ್ಲಿ ನೀರು ನಿಲ್ಲುವುದೇ ಇಲ್ವಲ್ಲ ಮಾರಾಯ. ಹರಿದು ಹೋಗುತ್ತದೆ.

ಸುಮನಾ: ಹರಿದು ಎಲ್ಲಿಗೆ ಹೋಗುತ್ತದೆ ಪ್ರಕಾಶ? ಕೆಳಗಿನ ಓಣಿಗೇ ಅಲ್ವಾ? ಒಂದು ಹೆಕ್ಟೇರ್ ಮೇಲೆ 40 ಮಿ.ಮೀ. ಮಳೆ ಬಿದ್ದರೆ 4 ಲಕ್ಷ ಲೀಟರ್ ನೀರು. ಮಣ್ಣಿದ್ದರೆ ಒಂದಿಷ್ಟು ಇಂಗುತ್ತದೆ. ಕಾಂಕ್ರೀಟ್ ಹಾಕಿದ್ದರೆ ಹೆಚ್ಚುಕಮ್ಮಿ ಅಷ್ಟೂ ಕೆಳಗಿನವರ ಬಾಗಿಲಿಗೆ, ಅದೂ ಕೆಲವೇ ನಿಮಿಷದಲ್ಲಿ. ಬೊಲಿವಿಯಾದ ಲಾಪಾಜ್‌ನಲ್ಲಿ 2002ರ ಫೆಬ್ರವರಿ 19ರಂದು ಸುರಿದದ್ದು ಸುಮಾರು ಒಂದು ಗಂಟೆಯ ಆಲಿಕಲ್ಲು ಮಳೆ, 40 ಮಿ.ಮೀ. ಆಸುಪಾಸು. 60ಕ್ಕೂ ಹೆಚ್ಚು ಜನ ಸತ್ತರು.

ಮಂಜುನಾಥ: ಹಾಗಾದರೆ ಅಂಕ ಬೇಕೇಬೇಕು ಅಂತಾಯಿತಲ್ಲ.

ಸುಮನಾ: ಬೇಡ ಅನ್ನಲಿಲ್ಲ ಕಣೋ. ಇಡೀ ಊರಿಗೆ ಒಂದೇ ಅಂಕ ಬೇಡ. ಮೇಲಿನ ಬಡಾವಣೆಗೆ 90, ತೊರೆಯ ದಂಡೆಯವರಿಗೆ 20 ಬಂದರೆ ಸರಾಸರಿ 55. ಆ 55ರಲ್ಲಿ ದಂಡೆಯವರು ಕಾಣುವುದೇ ಇಲ್ಲ.
ಚರಂಡಿಯ ಉದ್ದವನ್ನೂ ಸುಮ್ನೆ ನಂಬಬೇಡ. ಸುರಿಯುವ ಮಳೆಯಲ್ಲಿ ಕಡಿದಾದ ರಸ್ತೆಯ ಜಾಲರಿ ಪಕ್ಕ ನಿಂತು ನೋಡಿದ್ದೇನೆ. ನೀರು ಸರಳುಗಳ ಮೇಲೆ ಹಾರಿಕೊಂಡೇ ಹೋಗುತ್ತಿತ್ತು. ಒಳಗೆ ಇಳಿದದ್ದು ಸ್ವಲ್ಪವೇ. ತರಗೆಲೆ, ಪ್ಲಾಸ್ಟಿಕ್ ಕವರ್ ಬಂದು ಅಡ್ಡ ಕೂತ ಮೇಲೆ ಅದೂ ನಿಂತಿತು. ರಸ್ತೆಯೇ ಹೊಳೆಯಾಗಿತ್ತು. ಕೆಳಗಿನ ಮ್ಯಾನ್‌ಹೋಲ್ ತೆಗೆದು ನೋಡಿದರೆ ಪೈಪು ಅರ್ಧ ಖಾಲಿ.

ಪ್ರಕಾಶ: ಜಾಲರಿ ವಿಷಯ ಒಪ್ಪಿದೆ. ಆದರೆ ದುಡ್ಡು ಹಂಚುವವರಿಗೆ ಒಂದು ಸಂಖ್ಯೆ ಬೇಕು. ವಾರ್ಡುವಾರು ಮಾಹಿತಿ ಎಲ್ಲಿಂದ ತರುತ್ತೀರಿ?

ಉಷಾ: ವಾರ್ಡುವಾರು ಬೇಡ, ತೊರೆವಾರು ಅಳೆಯಿರಿ. ಒಂದು ತೊರೆಗೆ ನೀರು ಇಳಿಸುವ ಇಳಿಜಾರೆಲ್ಲ ಒಂದು ಲೆಕ್ಕ. ಮೇಲೆ ಗುಡ್ಡ ಕಡಿದರೆ ಕೆಳಗಿನ ಅಂಕ ಇಳಿಯಬೇಕು. ಕುಸಿತವನ್ನೂ ಇದರಲ್ಲೇ ಸೇರಿಸಿ. ಶಿಮ್ಲಾದಲ್ಲಿ 2023ರ ಆಗಸ್ಟ್ 14ರಂದು ಸಮ್ಮರ್ ಹಿಲ್‌ನ ಶಿವ ದೇವಸ್ಥಾನದ ಮೇಲೆ ಬಂದದ್ದು ಮಳೆಗೆ ನೆನೆದ ಗುಡ್ಡವೇ. ಈ ಕರಡಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಮಂಜುನಾಥ: ಹಸಿರು ಜಾಗಕ್ಕೆ ಜಾಸ್ತಿ ತೂಕ ಕೊಟ್ಟಿದ್ದೇವಲ್ಲ. ಚೀನಾದ ಚೊಂಗ್‌ಚಿಂಗ್ ಗುಡ್ಡದ ಊರೇ. 2015ರಲ್ಲಿ ಸ್ಪಾಂಜ್ ಸಿಟಿ ಯೋಜನೆಗೆ, ಅಂದ್ರೆ ಮಳೆ ನೀರನ್ನು ಊರೊಳಗೇ ಇಂಗಿಸಿ ಹಿಡಿದಿಡುವ ಯೋಜನೆಗೆ, ಮೊದಲು ಆರಿಸಿದ 16 ಊರುಗಳಲ್ಲಿ ಅದೂ ಇತ್ತು.

ಸುಮನಾ: ಇಂಗಿಸುವುದಕ್ಕೂ ಜಾಗ ನೋಡಬೇಕು. ಸಡಿಲ ಇಳಿಜಾರಿನಲ್ಲಿ ಇಂಗಿಸಿದರೆ ಮಣ್ಣು ನೆನೆದು, ಭಾರವಾಗಿ, ಜಾರುತ್ತದೆ. ಚೊಂಗ್‌ಚಿಂಗ್‌ನಲ್ಲೇ 2020ರ ಆಗಸ್ಟ್‌ನಲ್ಲಿ ಯಾಂಗ್ಟ್ಸೆ, ಜಿಯಾಲಿಂಗ್ ನದಿಗಳೆರಡೂ ಉಕ್ಕಿ ದಂಡೆಯ ಬೀದಿಗಳಿಗೆ ನುಗ್ಗಿದವು. ಅದು ಮೇಲಿನ ನಾಡಿನಿಂದ ಬಂದ ನೀರು. ಊರೊಳಗಿನ ಹಸಿರು ಅದನ್ನು ತಡೆಯಲಾರದು.

ಪ್ರಕಾಶ: ಒಂದು ಸಂಖ್ಯೆ ಬೇಕು ಅನ್ನುವುದನ್ನು ನಾನಂತೂ ಬಿಡಲ್ಲ.

ಮಂಜುನಾಥ: ಸರಿ, ತೊರೆವಾರು ಹಾಳೆ ಮಾಡುತ್ತೇನೆ. ಒಂದು ಸಂಖ್ಯೆ ಇಡುವುದಾದರೆ ಅತಿ ಕಡಿಮೆ ಬಂದ ತೊರೆಯದನ್ನೇ ಇಡೋಣ. ಕಾಲಂ ಹೆಸರು ಹೇಳು ಸುಮನಾ.

ಸುಮನಾ: ಮೊದಲನೆಯದು, ಮಳೆ ಜೋರಾದ ಮೇಲೆ ಕೊನೆಯ ಮನೆಗೆ ನೀರು ತಲುಪಲು ಎಷ್ಟು ನಿಮಿಷ. ಎರಡನೆಯದು, ಆ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಮೇಲಿನ ರಸ್ತೆಗೆ ಬರಲು ಎಷ್ಟು ನಿಮಿಷ.