ಕಾರವಾರದ ಕಡಲಂಚಿನ ಟವರ್‌ಗೆ ಯಾವ ಕೇಬಲ್?

ಬೈತಖೋಲ ದಕ್ಕೆ: ನಮ್ಮದು 30 ಮೀಟರ್ ಟವರ್, ಬುಡದಿಂದ ರೇಡಿಯೋ ಕೋಣೆಗೆ ಇನ್ನೂ 15 ಮೀಟರ್. ದೋಣಿಗಳ ಜೊತೆ ಮಾತಿಗೆ 25 ವಾಟ್ ಮರೀನ್ ವಿಎಚ್‌ಎಫ್ ರೇಡಿಯೋ, ಹೆಚ್ಚಾಗಿ 16ನೇ ಚಾನೆಲ್, 156.8 ಮೆಗಾಹರ್ಟ್ಸ್. ರೇಡಿಯೋದಿಂದ ಆಂಟೆನಾಕ್ಕೆ ಎಲ್‌ಎಂಆರ್-400 (ತಂತಿ ಹೆಣಿಗೆಯ ಕೇಬಲ್) ಸಾಕೋ, ಅರ್ಧ ಇಂಚಿನ ಸುಕ್ಕುಕೊಳವೆ ಕೇಬಲ್ಲೇ ಬೇಕೋ?

ಗಂಗಾವಳಿ: ಲೆಕ್ಕ ಹಾಕಿ ನೋಡಿ. ಈ ಆವರ್ತನದಲ್ಲಿ ಎಲ್‌ಎಂಆರ್-400ಕ್ಕೆ 100 ಮೀಟರಿಗೆ ಸುಮಾರು 5 ಡೆಸಿಬಲ್ (ಶಕ್ತಿ ಎಷ್ಟು ಪಟ್ಟು ಕುಗ್ಗಿತೆಂಬ ಅಳತೆ) ನಷ್ಟ. 45 ಮೀಟರಿಗೆ 2.3, ಆಂಟೆನಾಕ್ಕೆ 15 ವಾಟ್ ಮುಟ್ಟುತ್ತದೆ. ಅರ್ಧ ಇಂಚಿನದರಲ್ಲಿ ನಷ್ಟ 1.3, ಮುಟ್ಟುವುದು ಸುಮಾರು 18 ವಾಟ್. ಒಂದು ಡೆಸಿಬಲ್ ವ್ಯತ್ಯಾಸ ದೋಣಿಯವರ ಕಿವಿಗೆ ಗೊತ್ತೇ ಆಗದು. ಎಲ್‌ಎಂಆರ್ ಸಾಕು. ನಷ್ಟ ಹೆಚ್ಚಿರುವ ತೆಳು ಕೇಬಲ್ ಆರ್‌ಜಿ-58 ಮಾತ್ರ ಬೇಡವೇ ಬೇಡ.

ಉಪ್ಪುಗಾಳಿ: ಒಪ್ಪುವುದಿಲ್ಲ. ಆ ಅಂಕಿ ಒಣಗಿದ ಹೊಸ ಕೇಬಲ್ಲಿನದು. ಎಲ್‌ಎಂಆರ್ ಒಳಗೆ ಫೋಮ್ ಮೇಲೆ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ತವರ ಲೇಪಿಸಿದ ತಾಮ್ರದ ಹೆಣಿಗೆ. ಸೂಜಿಮೊನೆಯಷ್ಟು ತೂತಾದರೂ ಹೆಣಿಗೆ ನೀರನ್ನು ಮೀಟರ್‌ಗಟ್ಟಲೆ ಹೀರಿಕೊಳ್ಳುತ್ತದೆ. ಉಪ್ಪುನೀರಿನಲ್ಲಿ ತಾಮ್ರಕ್ಕೆ ತಾಗಿಕೊಂಡ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಸುಕ್ಕುಕೊಳವೆಯಲ್ಲಿ ಹೊರವಾಹಕವೇ ಇಡೀ ತಾಮ್ರದ ಕೊಳವೆ, ನೀರು ಹೀರಲು ಹೆಣಿಗೆಯೇ ಇಲ್ಲ. ಫೋಮ್ ತುಂಬಿದ್ದನ್ನೇ ಕೊಳ್ಳಿ. ಗಾಳಿ ತುಂಬಿದ ಬಗೆಗೆ ಒಣಗಾಳಿ ಯಂತ್ರ ಬೇಕು.

ಗಂಗಾವಳಿ: ಹೆಣಿಗೆಯೊಳಗೆ ಜೆಲ್ ತುಂಬಿದ ಎಲ್‌ಎಂಆರ್-400-ಡಿಬಿ ಇದೆಯಲ್ಲ? ಸುಕ್ಕುಕೊಳವೆಗೂ ಕಷ್ಟಗಳಿವೆ. 125 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಿದರೆ ಕೊಳವೆ ಮಡಿಚುತ್ತದೆ, ಮಡಿಚಿದ್ದು ಸರಿಯಾಗದು. ಗರಗಸದಲ್ಲಿ ಕತ್ತರಿಸಿ ತಾಮ್ರದ ಚೂರು ಒಳಗೆ ಬಿಟ್ಟರೆ ಕನೆಕ್ಟರೇ ಶಾರ್ಟ್.

ಉಪ್ಪುಗಾಳಿ: ಡಿಬಿ ವಾಸಿ, ನಿಜ. ಆದರೆ ಕನೆಕ್ಟರ್ ಕೂರಿಸುವ ಮೊದಲು ಜೆಲ್ ಪೂರ್ತಿ ಒರೆಸಬೇಕು, ಅದನ್ನು ಯಾರೂ ಮಾಡುವುದಿಲ್ಲ.

ಘಟ್ಟದ ಮೇಲೆ: ಶಿರಸಿ ಕಡೆ ಉಪ್ಪಿಲ್ಲ, ಸಿಡಿಲಿದೆ; ಕರಾವಳಿಗೂ ಅದು ತಪ್ಪಿದ್ದಲ್ಲ. ಕೇಬಲ್ಲಿನ ಹೊರವಾಹಕವನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ಕಿಟ್ ಮೂರು ಕಡೆ ಬೇಕು: ಆಂಟೆನಾದ ಕೆಳಗೆ, ಬುಡದಲ್ಲಿ ಕೇಬಲ್ ತಿರುಗುವ ಮೊದಲು, ಗೋಡೆ ಹೊಗುವಲ್ಲಿ. ಕಿಟ್ಟಿನ ತಂತಿ ಕೆಳಮುಖವಾಗಿ, ಮೊಣಕೈ ತಿರುವಿಲ್ಲದೆ ಹೋಗಬೇಕು. ಬರಿ ತಾಮ್ರವನ್ನು ಟವರಿನ ಜಿಐ (ಸತು ಲೇಪಿಸಿದ ಕಬ್ಬಿಣ) ಕಾಲಿಗೆ ನೇರವಾಗಿ ಬಿಗಿದರೆ ಸತು ತಿಂದುಹೋಗುತ್ತದೆ. ತಂತಿಯ ತುದಿಗೆ ತವರ ಲೇಪಿಸಿದ ಲಗ್, ಸ್ಟೇನ್‌ಲೆಸ್ ಬೋಲ್ಟ್ ಹಾಕಿ. ನಮ್ಮ ಚಿರೆಕಲ್ಲಿನ ನೆಲಕ್ಕೆ ಒಂದೇ ಅರ್ಥ್ ಕಡ್ಡಿ ಸಾಲದು, ಹಲವನ್ನು ಟವರ್ ಸುತ್ತ ಉಂಗುರವಾಗಿ ಜೋಡಿಸಿ. ಕೋಣೆಯ ಕರೆಂಟ್ ಅರ್ಥ್ ಕೂಡ ಅದಕ್ಕೇ ಸೇರಬೇಕು. ಬೇರೆ ಬಿಟ್ಟರೆ ಸಿಡಿಲಿನ ಕರೆಂಟು ಒಂದರಿಂದ ಇನ್ನೊಂದಕ್ಕೆ ದಾಟುವುದು ರೇಡಿಯೋ ಮೂಲಕವೇ.

ಬೈತಖೋಲ ದಕ್ಕೆ: ಕನೆಕ್ಟರ್ ಸೀಲ್ ಹೇಗೆ?

ಉಪ್ಪುಗಾಳಿ: ಎನ್ ಬಗೆಯ ಕನೆಕ್ಟರ್ ಹಾಕಿ, ಪಿಎಲ್-259 ಬಗೆಯ ಕನೆಕ್ಟರಿಗೆ ನೀರು ತಡೆಯುವ ಗ್ಯಾಸ್ಕೆಟ್ ಇಲ್ಲ. ಒಣಹವೆಯ ದಿನ ಮಾಡಿ, ಮುಂಗಾರಿಗೆ ಬಹಳ ಮೊದಲು. ಉಪ್ಪಿನ ಪೊರೆ ಒರೆಸಿ ಮೊದಲು ಒಂದು ಪದರ ಪಿವಿಸಿ ಟೇಪ್, ಮುಂದೆ ಬಿಚ್ಚುವಾಗ ಅಂಟು ಕನೆಕ್ಟರಿಗೆ ಹಿಡಿಯದಿರಲಿ ಎಂದು. ಅದರ ಮೇಲೆ ಬ್ಯುಟೈಲ್ ರಬ್ಬರ್ ಟೇಪ್, ಎರಡೂ ಕಡೆ 5 ಸೆಂ.ಮೀ. ದಾಟುವಂತೆ. ಮೇಲೆ ಮತ್ತೆ ಪಿವಿಸಿ. ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ, ಮಾಡಿಗೆ ಹಂಚು ಹೊದೆಸಿದ ಹಾಗೆ. ಹುಳಿವಾಸನೆಯ ಸಿಲಿಕೋನ್ ಮುಟ್ಟಬೇಡಿ, ಅದರ ಆಮ್ಲ ತಾಮ್ರ ತಿನ್ನುತ್ತದೆ. ಮೀಟರಿಗೊಂದು ಸ್ಟೇನ್‌ಲೆಸ್ ಕ್ಲ್ಯಾಂಪ್. ಗೋಡೆ ಹೊಗುವ ಮೊದಲು ಕೇಬಲ್ ಕೆಳಗೆ ಜೋತು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಘಟ್ಟದ ಮೇಲೆ: ಮಳೆಗಾಲ ಮುಗಿದ ಮೇಲೆ ಬರಿ ಎಸ್‌ಡಬ್ಲ್ಯುಆರ್ (ಶಕ್ತಿ ಎಷ್ಟು ಹಿಂದಿರುಗುತ್ತದೆಂಬ ಅಳತೆ, 1 ಇದ್ದರೆ ಉತ್ತಮ) ನೋಡಿ ನಂಬಬೇಡಿ. ಕೇಬಲ್ ನೆನೆದು ನಷ್ಟ ಹೆಚ್ಚಿದಷ್ಟೂ ಕೆಳಗೆ ಎಸ್‌ಡಬ್ಲ್ಯುಆರ್ ಚೆನ್ನಾಗಿ ಕಾಣುತ್ತದೆ. 3 ಡೆಸಿಬಲ್ ನಷ್ಟವಿದ್ದರೆ ಆಂಟೆನಾ ಬಿಚ್ಚಿಟ್ಟರೂ ಮೀಟರ್ 3 ಮಾತ್ರ ತೋರಿಸುತ್ತದೆ. ಹೊಸತರಲ್ಲೇ ಮೇಲ್ತುದಿ ಶಾರ್ಟ್ ಮಾಡಿ ಅನಲೈಸರಿನಲ್ಲಿ ರಿಟರ್ನ್ ಲಾಸ್, ಅಂದರೆ ಹೋಗಿ ಮರಳುವಷ್ಟರಲ್ಲಿ ಆಗುವ ನಷ್ಟ ಅಳೆಯಿರಿ. ಅದರ ಅರ್ಧವೇ ಕೇಬಲ್ ನಷ್ಟ. ಕೋಣೆಯಲ್ಲಿ ಬರೆದಿಟ್ಟು ದಸರೆ ಹೊತ್ತಿಗೆ ಮತ್ತೆ ಅಳೆಯಿರಿ.

ಬೈತಖೋಲ ದಕ್ಕೆ: ಹಾಗಾದರೆ ಅರ್ಧ ಇಂಚಿನದೇ ಸರಿ. ತುದಿಗಳಿಗೆ ಎಲ್‌ಎಂಆರ್ ಜಂಪರ್ (ಚಿಕ್ಕ ಜೋಡಣೆ ಕೇಬಲ್) ನಡೆಯುತ್ತದೆಯೇ?

ಉಪ್ಪುಗಾಳಿ: ಕೋಣೆಯೊಳಗೆ ನಡೆಯುತ್ತದೆ. ಮೇಲೆ ಬೇಡ, ಅಲ್ಲಿ ಅರ್ಧ ಇಂಚಿನ ಸೂಪರ್‌ಫ್ಲೆಕ್ಸ್ (ಸುಲಭವಾಗಿ ಬಗ್ಗುವ ಸುಕ್ಕುಕೊಳವೆ ಕೇಬಲ್) ಹಾಕಿ. ಒಂದೂವರೆ ಮೀಟರಿಗೆ ಅದರ ಹೆಚ್ಚಿನ ನಷ್ಟ ಲೆಕ್ಕಕ್ಕಿಲ್ಲ.

ಗಂಗಾವಳಿ: ಮೇಲಿನ ಜಂಪರ್ ವಿಷಯದಲ್ಲಿ ನನ್ನದೂ ಅದೇ ಮಾತು. ಉಳಿದ 45 ಮೀಟರಿಗೆ ಎಲ್‌ಎಂಆರ್-400-ಡಿಬಿ ಸಾಕೆಂಬುದನ್ನು ಬಿಡುವುದಿಲ್ಲ.